ಎಚ್ ಒನ್ ಮೂಲೆಯ ಮೂಳೆ

ಜರ್ಮನ್‌ಟೌನ್, ಗೇದರ್ಸ್‌ಬರ್ಗ್ ಮತ್ತು ಸುತ್ತಮುತ್ತಲ ಸಮಸ್ತ ಕನ್ನಡ ಬಾಂಧವರಿಗೆ ಅತ್ಯಂತ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ಶ್ರೀಯುತ ವೇಣುಗೋಪಾಲ ಅವರು ಕಳೆದ ಶನಿವಾರ ರೆಡ್ ಕ್ಲೇ ಪಾರ್ಕಿನಲ್ಲಿ ಪತ್ತೆಹಚ್ಚಿದ, ಹತ್ತು ಕೋಟಿ ವರ್ಷಕ್ಕೂ ಹಳೆಯದೆಂದು ನಂಬಲಾಗಿದ್ದ ಡೈನೊಸಾರ್ ಮೊಟ್ಟೆಯು ಮೊಟ್ಟೆಯಲ್ಲವೆಂದೂ, ಹಿಂದೆಂದೂ ಮೊಟ್ಟೆಯಾಗಿರಲಿಲ್ಲವೆಂದೂ, ಇನ್ನು ಮುಂದೆ ಆಗುವ ಲಕ್ಷಣವೂ ಇಲ್ಲವೆಂದೂ ತಜ್ಞರು ತೀರ್ಮಾನಿಸಿರುತ್ತಾರೆ. ಅದು ಕಲ್ಲು. ಕಲ್ಲಿನ ಆರೋಗ್ಯ ಸ್ಥಿರವಾಗಿದೆ. ಈ ದುಃಖದ ಸಂದರ್ಭದಲ್ಲಿ ಇರುವ ಒಂದೇ ಸಮಾಧಾನವೆಂದರೆ, ವೇಣು ಅವರ ಮೊಟ್ಟೆ ಪ್ಯೂರ್ ವೆಜ್ ಎಂದು ಲ್ಯಾಬ್ ರಿಪೋರ್ಟ್ ಬಂದಿದೆ.

ಈ ಪ್ರಕಟಣೆ ಹೊರಬಿದ್ದದ್ದು 2022ರ ಮಾರ್ಚ್ ತಿಂಗಳ ಒಂದು ಭಾನುವಾರ, ಮೇರಿಲ್ಯಾಂಡಿನ ಆ ಭಾಗದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ, ಜನ ಎರಡನೇ ಕಾಫಿಗೆ ಹಾಲು ಕಾಯಿಸುತ್ತಿದ್ದ ಹೊತ್ತಿಗೆ. ಹೊರಡಿಸಿದವನು ಫಜಲ್. ಮಧ್ಯಾಹ್ನದ ಊಟದೊಳಗೆ ಅದು ಪೊಟೊಮ್ಯಾಕ್ ನದಿ ದಾಟಿ ವರ್ಜೀನಿಯಾಕ್ಕೆ ಹೋಯಿತು. ಸಂಜೆ ಇನ್ನೂ ದಕ್ಷಿಣಕ್ಕೆ, ಮಾರಿಸ್‌ವಿಲ್ ಊರಿನ ಕ್ರಿಕೆಟ್ ಮೈದಾನದಲ್ಲಿ ಯಾರೋ ಸೊನ್ನೆಗೆ ಔಟಾದಾಗ, "ಇದೂ ಪ್ಯೂರ್ ವೆಜ್ ಮೊಟ್ಟೇನಾ?" ಎಂದು ಇನ್ಯಾರೋ ಕೇಳಿದರಂತೆ. ವೇಣುಗೋಪಾಲ ಫೋನನ್ನು ಬೋರಲು ಹಾಕಿ ಕೂತ. ಹೆಂಡತಿ ಪ್ರತಿಭಾ ನಗು ತಡೆಯಲು ಸ್ವೆಟ್‌ಶರ್ಟಿನ ತೋಳು ಕಚ್ಚಿಕೊಂಡು ಒಳಗೆ ಹೋದಳು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಮೊಟ್ಟೆಗೆ ಆಸೆಪಟ್ಟಿದ್ದ. ಅದೂ ಕೈಕೊಟ್ಟಿತು.

ಫಜಲ್ ಮೈಸೂರಿನ ಮಂಡಿ ಮೊಹಲ್ಲಾದವನು. ಹೆದ್ದಾರಿ ಪಕ್ಕದ ಒಂದು ಬಯೋಟೆಕ್ ಕಂಪನಿಯಲ್ಲಿ ಅವನ ಕೆಲಸ. ವೇಣು ಬೆಂಗಳೂರಿನ ಹನುಮಂತನಗರದವನು, ಇನ್ಶೂರೆನ್ಸ್ ಕಂಪನಿಗೆ ಸಾಫ್ಟ್‌ವೇರ್ ಬರೆಯುವವನು. ಇಬ್ಬರೂ ಎಷ್ಟೋ ವರ್ಷ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗಿಬಂದವರು, ಒಂದೇ ಡಬ್ಬಿಯಿಂದ ಚಿತ್ರಾನ್ನ ತಿಂದವರು, ಟ್ರಾಫಿಕ್ಕಿನಲ್ಲಿ ಸಿಕ್ಕಾಗ ಒಂದೇ ಭಾಷೆಯಲ್ಲಿ ಬೈದವರು. ವೇಣುವಿಗೆ ಮೂಳೆಯ ಹುಚ್ಚು ಹಿಡಿಸಿದ್ದೂ ಫಜಲನೇ. ಲಾಕ್‌ಡೌನ್ ಮುಗಿದು ಮನುಷ್ಯರು ಮನೆಯಿಂದ ಹೊರಬಂದಾಗ, "ಬಾ ಗುರು, ನಮಗಿಂತ ಹಳಬರನ್ನ ತೋರಿಸ್ತೀನಿ," ಎಂದು ಅವನನ್ನು ರೆಡ್ ಕ್ಲೇ ಪಾರ್ಕಿಗೆ ಕರೆದುಕೊಂಡು ಹೋಗಿದ್ದ.

ಪಾರ್ಕ್ ಅಂದರೆ ಮರ, ಬೆಂಚು, ಜೋಕಾಲಿ ಅಂದುಕೊಳ್ಳಬೇಡಿ. ಅದು ಹಿಂದೊಮ್ಮೆ ಕಬ್ಬಿಣದ ಅದಿರು ತೆಗೆದುಬಿಟ್ಟ ಗುಂಡಿ. ಸುತ್ತ ಬೇಲಿ, ಒಳಗೆ ಬೋಳು ಕೆಂಪು ಮಣ್ಣಿನ ಇಳಿಜಾರು. ಮಳೆ ಬಂದಾಗಲೆಲ್ಲ ಮಣ್ಣು ಕೊಚ್ಚಿಹೋಗಿ, ಡೈನೊಸಾರ್ ಕಾಲದ ಹಲ್ಲೋ ಮೂಳೆಯೋ ತಲೆ ಹಾಕುತ್ತದೆ. ತಿಂಗಳಲ್ಲಿ ಒಂದು ಶನಿವಾರ ಜನರನ್ನು ಒಳಗೆ ಬಿಡುತ್ತಾರೆ. ಅಲ್ಲಿನ ವಿಜ್ಞಾನಿ ಡಾಕ್ಟರ್ ಕಾರ್ಲಾ ಗೇಟಿನಲ್ಲಿ ನಿಂತು ಪ್ರತಿಸಲವೂ, ಮೊದಲ ಸಲ ಹೇಳುವ ಉತ್ಸಾಹದಲ್ಲಿ, ನಿಯಮ ಹೇಳುತ್ತಾಳೆ. ಅಗೆಯುವ ಹಾಗಿಲ್ಲ. ಏನಾದರೂ ಕಂಡರೆ ಮುಟ್ಟುವ ಹಾಗಿಲ್ಲ, ಕದಲಿಸುವ ಹಾಗಿಲ್ಲ. ಕೈ ಎತ್ತಿ ನಿಲ್ಲಬೇಕು. ಅವಳು ಬಂದು ಪಕ್ಕದಲ್ಲಿ ಪುಟ್ಟ ಬಾವುಟ ನೆಟ್ಟು, ಫೋಟೊ ತೆಗೆದು, ಜಾಗ ಗುರುತಿಸಿ, ಆಮೇಲೆ ತಾನೇ ಎತ್ತುತ್ತಾಳೆ. ಜನರ ಫೋನುಗಳು ಗೇಟಿನ ಬುಟ್ಟಿಯಲ್ಲಿ, ಯಾಕೆಂದರೆ ಮೂಳೆ ಸಿಕ್ಕ ಜಾಗದ ಫೋಟೊ ಇಂಟರ್ನೆಟ್ಟಿಗೆ ಹೋದರೆ ಕಳ್ಳರು ಬರುತ್ತಾರೆ. ಸಿಕ್ಕಿದ್ದೆಲ್ಲ ಪಾರ್ಕಿಗೇ ಸೇರಿದ್ದು. ಆದರೆ ಒಳ್ಳೆಯದು ಸಿಕ್ಕರೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಕೆಳಗೆ ಕಂಡುಹಿಡಿದವರ ಹೆಸರು ಬರೆಯುತ್ತಾರೆ.

ಆ ಪೆಟ್ಟಿಗೆಯಲ್ಲಿ ಫಜಲನ ಹೆಸರಿನ ಒಂದು ಹಲ್ಲಿತ್ತು. ಅದು ಸಿಕ್ಕ ದಿನದಿಂದ ಫಜಲ್ ಬಾಯಿ ಮುಚ್ಚಿರಲಿಲ್ಲ. ಅವನಿಗೆ ಸಿಕ್ಕದ್ದೂ ಹಲ್ಲು, ಅವನು ಕಿರಿದದ್ದೂ ಹಲ್ಲು, ವೇಣು ಕಡಿದದ್ದೂ ಹಲ್ಲು.

ಮೂಳೆಗಾಗಿ ಜಗಳ ಹೊಸದೇನಲ್ಲ. ಸುಮಾರು ನೂರೈವತ್ತು ವರ್ಷದ ಹಿಂದೆ, ಈ ವಿದ್ಯೆ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಇದೇ ದೇಶದ ಇಬ್ಬರು ದೊಡ್ಡ ವಿದ್ವಾಂಸರು ಮೊದಲು ಸ್ನೇಹಿತರಾಗಿದ್ದು, ಆಮೇಲೆ ಮೂಳೆಗಾಗಿ ಸಾಯುವ ತನಕ ಕಿತ್ತಾಡಿದರು. ಒಬ್ಬ ಅವಸರದಲ್ಲಿ ಒಂದು ಪ್ರಾಣಿಯ ತಲೆಯನ್ನು ಬಾಲದ ತುದಿಗೆ ಜೋಡಿಸಿಬಿಟ್ಟ. ಇನ್ನೊಬ್ಬ ಅದನ್ನು ಬಾಳೆಲ್ಲ ಆಡಿಕೊಂಡ. ಈ ಕಥೆಯನ್ನು ಕಾರಿನಲ್ಲಿ ವೇಣುವಿಗೆ ಹೇಳಿದವನೂ ಫಜಲನೇ. ಆಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮೊಟ್ಟೆಯ ಪ್ರಕಟಣೆ ಓದಿದ ಮೇಲೆ, ತನ್ನ ಪಾಲಿಗೆ ಯಾವ ವಿದ್ವಾಂಸನ ಪಾತ್ರ ಬಂತು ಎಂಬುದು ವೇಣುವಿಗೆ ಗೊತ್ತಾಯಿತು.

ಆದರೆ ನಕ್ಕವರಿಗೆ ಯಾರಿಗೂ ಗೊತ್ತಿಲ್ಲದ ವಿಷಯ ಒಂದಿತ್ತು. ವೇಣು ಮೂಳೆ ಹುಡುಕುತ್ತಿದ್ದದ್ದು ಮೋಜಿಗಲ್ಲ, ಮಗಳಿಗೆ.

ಯಾಮಿನಿ ನಾಲ್ಕು ವರ್ಷದವಳಿದ್ದಾಗ ಅಪ್ಪನ ಕೆಲಸದ ವೀಸಾದ ಬಾಲ ಹಿಡಿದು ಇಲ್ಲಿಗೆ ಬಂದವಳು. ಈಗ ಕಾಲೇಜಿನಲ್ಲಿದ್ದಾಳೆ. ಡಿಸೆಂಬರಿಗೆ ಇಪ್ಪತ್ತೊಂದು ತುಂಬುತ್ತದೆ. ಇಪ್ಪತ್ತೊಂದು ತುಂಬಿದ ಮಗು ಸರ್ಕಾರದ ಕಣ್ಣಿಗೆ ಮಗುವಲ್ಲ. ಅಪ್ಪನ ಬಾಲ ಬಿಟ್ಟು, ಬೇರೆ ವೀಸಾ ಹುಡುಕಿಕೊಂಡು, ಬೇರೆ ಕ್ಯೂನ ಕೊನೆಗೆ ಹೋಗಿ ನಿಲ್ಲಬೇಕು. ಇಲ್ಲವೇ ಊರಿಗೆ ಹೊರಡಬೇಕು. ಊರು ಎಂದರೆ ಅವಳ ಪಾಲಿಗೆ ಬೆಂಗಳೂರು ಏರ್‌ಪೋರ್ಟು, ಅಜ್ಜಿ ಮನೆಯ ಸೊಳ್ಳೆಪರದೆ, ಅಷ್ಟೆ. ಅಷ್ಟರೊಳಗೆ ವೇಣುವಿನ ಗ್ರೀನ್ ಕಾರ್ಡ್ ಅರ್ಜಿ ಒಳಗೆ ಹೋಗಿದ್ದರೆ ಮಗಳೂ ಅದರ ಜೊತೆ ದಡ ಸೇರುತ್ತಾಳೆ. ಆದರೆ ವೇಣು ನಿಂತಿದ್ದ ಕ್ಯೂ ಎಷ್ಟು ನಿಧಾನವೆಂದರೆ, ಅದರಲ್ಲಿ ನಿಂತವರೇ ಪಳೆಯುಳಿಕೆಗಳಾಗುತ್ತಿದ್ದರು. ಅವರನ್ನು ಹುಡುಕಲು ಯಾರೂ ಬರುತ್ತಿರಲಿಲ್ಲ ಅಷ್ಟೆ.

ಇನ್ನೊಂದು ಚಿಕ್ಕ ಕ್ಯೂ ಇತ್ತು, ಅಸಾಮಾನ್ಯ ಪ್ರತಿಭೆ ಇರುವವರದ್ದು. ವೇಣುವಿನ ಹತ್ತಿರ ಇದ್ದ ಪ್ರತಿಭೆ ಎಂದರೆ ಹೆಂಡತಿ ಒಬ್ಬಳೇ. ಅವಳನ್ನು ಅರ್ಜಿಗೆ ಲಗತ್ತಿಸುವ ಹಾಗಿರಲಿಲ್ಲ.

ಆಗ ಹೊಳೆದದ್ದೇ ಆ ಮಹಾಯೋಜನೆ. ಆಲಿಕಲ್ಲು ಬಿದ್ದ ಛಾವಣಿಗಳ ಫೋಟೊ ನೋಡಿ, ಎಲ್ಲಿ ತಗ್ಗು, ಎಲ್ಲಿ ಉಬ್ಬು, ಯಾವುದು ನಿಜವಾದ ಪೆಟ್ಟು ಎಂದು ಹೇಳುವ ಒಂದು ಪ್ರೋಗ್ರಾಮನ್ನು ವೇಣು ಆಫೀಸಿನಲ್ಲಿ ಬರೆದಿದ್ದ. ಅದೇ ತಂತ್ರದಲ್ಲಿ ಮನೆಯಲ್ಲಿ ಇನ್ನೊಂದು ಬರೆದು, ಅದಕ್ಕೆ ಪಾರ್ಕ್ ತನ್ನ ವೆಬ್‌ಸೈಟಿನಲ್ಲಿ ಹಾಕುವ ಕೆಂಪು ಮಣ್ಣಿನ ಫೋಟೊಗಳನ್ನು ತಿನ್ನಿಸಿದ. ಮುಂದಿನ ಮಳೆಗೆ ಮೂಳೆ ಎಲ್ಲಿ ತಲೆ ಹಾಕಬಹುದು ಎಂದು ಅದು ಹೇಳತೊಡಗಿತು. ಅದರ ಮೇಲೆ ಆನ್‌ಲೈನ್ ಸಮ್ಮೇಳನದಲ್ಲಿ ಮಾತಾಡಿದ. ಒಂದು ಪದಕ ಬಂತು, ಪೋಸ್ಟಿನಲ್ಲಿ. ಷಾರ್ಲಟ್ ಊರಿನ ಬ್ಯಾಲಂಟೈನ್ ಬಡಾವಣೆಯ ಕನ್ನಡದ ವಕೀಲೆ ಚೈತನ್ಯಾ ಇಂಥ ಅರ್ಜಿಗಳಿಗೆ ಹೆಸರುವಾಸಿ ಎಂದು ಕೇಳಿ, ಜೂಮಿನಲ್ಲಿ ಹಿಡಿದ. ಅವಳು ಎಲ್ಲ ನೋಡಿ ತಲೆದೂಗಿದಳು.

"ಪೇಪರ್ ಮೇಲೆ ಚೆನ್ನಾಗಿದೆ ಸರ್. ಆದ್ರೆ ನಿಮ್ಮ ಪ್ರೋಗ್ರಾಂ ಇದುವರೆಗೂ ಒಂದು ಮೂಳೇನಾದ್ರೂ ಹುಡುಕಿದ್ಯಾ?"

"ಮಾರ್ಚ್‌ನಲ್ಲಿ ಒಂದು ಮೊಟ್ಟೆ..."

"ಅದನ್ನ ಮೆನ್ಷನ್ ಮಾಡೋದು ಬೇಡ ಸರ್," ಎಂದಳು ಚೈತನ್ಯಾ ಮೃದುವಾಗಿ. "ನಮ್ಮ ಗ್ರೂಪ್‌ಗೂ ಬಂದಿತ್ತು."

ಅವಳು ಕೊಟ್ಟ ಲೆಕ್ಕ ಸರಳವಾಗಿತ್ತು. ಪ್ರೋಗ್ರಾಂ ತೋರಿಸಿದ ಜಾಗದಲ್ಲಿ ಒಂದು ಒಳ್ಳೆಯ ಮೂಳೆ ಸಿಗಬೇಕು, ಗಾಜಿನ ಪೆಟ್ಟಿಗೆಯಲ್ಲಿ ಅದರ ಕೆಳಗೆ ವೇಣುಗೋಪಾಲ ಎಂದಿರಬೇಕು, ಡಾಕ್ಟರ್ ಕಾರ್ಲಾ ಅದನ್ನು ದೃಢೀಕರಿಸಿ ಪತ್ರಕ್ಕೆ ಸಹಿ ಹಾಕಬೇಕು. ಹಾಗಾದರೆ ನವೆಂಬರಿನಲ್ಲಿ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಸುಮ್ಮನಿರುವುದು ಒಳ್ಳೆಯದು.

ಪ್ರತಿಭಾ ಈ ವಿಷಯ ಹೊರಗೆ ಯಾರಿಗೂ ಬಾಯಿಬಿಡಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಬಸುರಿನ ಸುದ್ದಿಯೂ ವೀಸಾದ ಸುದ್ದಿಯೂ ಮೊದಲ ತಿಂಗಳುಗಳಲ್ಲಿ ಹೇಳುವಂಥದ್ದಲ್ಲ, ದೃಷ್ಟಿಯಾಗುತ್ತದೆ. ಗಂಡ ಪಾರ್ಕಿನಿಂದ ಬಂದರೆ ಬೂಟು ಗರಾಜಿನಲ್ಲಿ, ಬಟ್ಟೆ ನೇರ ಮೆಷಿನ್ನಿಗೆ, ಮನುಷ್ಯ ನೇರ ಬಚ್ಚಲಿಗೆ. ಎಷ್ಟೇ ಹಳೆಯದಾದರೂ ಮೂಳೆ ಮೂಳೆಯೇ. ಮೈಲಿಗೆಗೆ ಎಕ್ಸ್‌ಪೈರಿ ಡೇಟ್ ಇಲ್ಲ.

ಹೀಗಾಗಿ ಫಜಲನಿಗೆ ಪ್ರೋಗ್ರಾಂ ಇರುವುದು ಗೊತ್ತಿತ್ತು, ಯಾಕೆಂಬುದು ಗೊತ್ತಿರಲಿಲ್ಲ. ಅವನಿಗೆ ಗ್ರೀನ್ ಕಾರ್ಡ್ ಎಂದೋ ಬಂದಿತ್ತು. ವೇಣು ತನ್ನ ಹಲ್ಲನ್ನು ಕಂಡು ಕರುಬುತ್ತಿದ್ದಾನೆ ಎಂದೇ ಅವನ ಎಣಿಕೆ. ಜೊತೆಯಲ್ಲಿ ಬರುವುದನ್ನು ವೇಣು ನಿಲ್ಲಿಸಿದ್ದಕ್ಕೆ ಒಳಗೊಳಗೇ ಬೇಜಾರಾಗಿತ್ತು. ಅದನ್ನು ಹೇಳಿಕೊಳ್ಳುವ ಬದಲು ತಮಾಷೆ ಮಾಡಿದ.

ಜುಲೈ ತಿಂಗಳ ಶನಿವಾರ, ಮೊಣಕಾಲು ನೋವಿನಲ್ಲಿ ವೇಣು ಇಳಿಜಾರಿನ ಮೇಲೆ ಬಗ್ಗಿ ಹುಡುಕುತ್ತಿದ್ದಾಗ ಫಜಲ್ ಕರೆದ. "ವೇಣು, ಇಲ್ಲಿ ಬಾ, ಏನೋ ಇದೆ." ದನಿಯಲ್ಲಿ ಎಂಥ ಗಾಂಭೀರ್ಯವಿತ್ತೆಂದರೆ ವೇಣು ಓಡಿದ. ಮಣ್ಣಿನಿಂದ ಹೊರಗೆ ಒಂದು ಬಾಲ ಕಾಣುತ್ತಿತ್ತು. ವೇಣು ಕೈ ಎತ್ತಿ ನಿಂತ. ಡಾಕ್ಟರ್ ಕಾರ್ಲಾ ಬಾವುಟ ಹಿಡಿದು ಬಂದಳು, ಬಗ್ಗಿದಳು, ಡಾಲರ್ ಅಂಗಡಿಯ ಹಸಿರು ಪ್ಲಾಸ್ಟಿಕ್ ಡೈನೊಸಾರನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು. ಇಡೀ ಗುಂಡಿ ನಕ್ಕಿತು. ಡಾಕ್ಟರ್ ಕಾರ್ಲಾ ಮಾತ್ರ ನಗದೆ, ಇನ್ನೊಮ್ಮೆ ಹೀಗಾದರೆ ಒಳಗೆ ಬಿಡುವುದಿಲ್ಲ ಎಂದು ಇಬ್ಬರಿಗೂ ಎಚ್ಚರಿಸಿದಳು. ವೇಣು ಆ ದಿನದಿಂದ ಫಜಲನ ಒಂದು ಮಾತನ್ನೂ ನಂಬುವುದಿಲ್ಲ ಎಂದು ತೀರ್ಮಾನಿಸಿದ.

ಸೇಡು ತೀರಿಸಿಕೊಳ್ಳದೆ ಬಿಡುವಂತೆಯೂ ಇರಲಿಲ್ಲ. ಇಳಿಜಾರನ್ನು ಹಗ್ಗ ಕಟ್ಟಿ ಚೌಕಗಳಾಗಿ ಮಾಡಿದ್ದರು, ಅಡ್ಡಕ್ಕೆ ಅಕ್ಷರ, ಉದ್ದಕ್ಕೆ ಅಂಕಿ. ಸೆಪ್ಟೆಂಬರಿನ ಶನಿವಾರ ಗೇಟಿನ ಸಾಲಿನಲ್ಲಿ ನಿಂತು ವೇಣು ಯಾಮಿನಿಗೆ ಫೋನ್ ಮಾಡಿದವನಂತೆ, ಹಿಂದೆ ನಿಂತ ಫಜಲನ ಕಿವಿಗೆ ಬೀಳುವಷ್ಟು ಜೋರಾಗಿ, ತನ್ನ ಪ್ರೋಗ್ರಾಂ ಈ ಸಲ ಡಿ ಸೆವೆನ್ ತೋರಿಸಿದೆ ಎಂದ. ಡಿ ಸೆವೆನ್ ಬರೀ ಜಲ್ಲಿ. ಕಂಪ್ಯೂಟರ್ ಅದನ್ನು ಸೊನ್ನೆ ಎಂದಿತ್ತು. ಫಜಲ್ ನೇರ ಅಲ್ಲಿಗೆ ಹೋದ, ಕೂತ, ಅರ್ಧ ಗಂಟೆಯಲ್ಲಿ ಕೈ ಎತ್ತಿದ. ಆಮೆಯ ಚಿಪ್ಪಿನ ತುಂಡು, ಅಂಗೈ ಅಗಲದ್ದು, ಪಾರ್ಕಿನಲ್ಲಿ ಸಿಕ್ಕವುಗಳಲ್ಲೇ ದೊಡ್ಡದು.

ಆ ಸಂಜೆ ಗುಂಪಿನಲ್ಲಿ ಮತ್ತೊಂದು ಪ್ರಕಟಣೆ. ತನ್ನ ಆಮೆಯನ್ನು ಪತ್ತೆಹಚ್ಚಿಕೊಟ್ಟ ವೇಣು ಅವರ ಕಂಪ್ಯೂಟರಿಗೆ ಫಜಲ್ ಕುಟುಂಬದ ಹೃತ್ಪೂರ್ವಕ ಕೃತಜ್ಞತೆಗಳು. ವೇಣು ಅಂದು ಊಟ ಮಾಡಲಿಲ್ಲ. ನಿಜ ಹೇಳಿದರೆ ಕಲ್ಲು, ಸುಳ್ಳು ಹೇಳಿದರೆ ಫಜಲನಿಗೆ ಆಮೆ. ಇದೆಂಥ ದೇವರ ನ್ಯಾಯ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಯಾಮಿನಿ ಬಾಗಿಲಲ್ಲಿ ನಿಂತು ನೋಡಿದಳು. "ಅಪ್ಪಾ, ಇಟ್ಸ್ ಓಕೆ. ನಾನು ಸ್ಟೂಡೆಂಟ್ ವೀಸಾ ತಗೋತೀನಿ. ನನ್ನ ಫ್ರೆಂಡ್ಸ್ ಎಲ್ಲ ಮಾಡಿದ್ದಾರೆ."

"ಆಮೇಲೆ?"

"ಆಮೇಲೆ, ಐ ಡೋಂಟ್ ನೋ. ಆಮೇಲೆ ನೋಡೋಣ."

ಆ 'ಆಮೇಲೆ ನೋಡೋಣ' ವೇಣುವಿನದೇ ಮಾತು. ಪ್ರತಿಸಲ ವೀಸಾ ನವೀಕರಿಸುವಾಗ ಅವನು ಹೆಂಡತಿಗೆ ಹೇಳುತ್ತಿದ್ದದ್ದು. ಮಗಳು ಅಪ್ಪನಿಂದ ಕಲಿತ ಶುದ್ಧ ಕನ್ನಡ ಅಷ್ಟೇ ಎಂದು ಅವನಿಗೆ ಅನ್ನಿಸಿತು. ಎದ್ದು ಕೂರಲು ಹೋದಾಗ ಕಾಲು ನೆಲದ ಮೇಲಿದ್ದ ಲ್ಯಾಪ್‌ಟಾಪಿಗೆ ತಾಗಿತು. ತಕ್ಷಣ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಯಾಮಿನಿ ಅಷ್ಟು ದುಃಖದಲ್ಲೂ ನಕ್ಕಳು. ಅಪ್ಪ ಅಮೆಜಾನ್ ಡಬ್ಬಕ್ಕೂ ಸಾರಿ ಕೇಳುತ್ತಾನೆ ಎಂದು ಅವಳು ಗೆಳತಿಯರಿಗೆಲ್ಲ ಹೇಳಿದ್ದಳು. ಅದು ಸುಳ್ಳಲ್ಲ. ಹನುಮಂತನಗರದ ಅಜ್ಜಿ ಬೆತ್ತ ಹಿಡಿದು ಕಲಿಸಿದ್ದು, ಪುಸ್ತಕಕ್ಕೆ, ಅಕ್ಕಿಗೆ, ಪೊರಕೆಗೆ, ಪಕ್ಕದವರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು. ಒಮ್ಮೆ ಆಫೀಸಿನ ಮೀಟಿಂಗಿನಲ್ಲಿ ಮೇಜಿನ ಕೆಳಗೆ ಮ್ಯಾನೇಜರಿನ ಕಾಲಿಗೆ ಕಾಲು ತಾಗಿ, ವೇಣು ಬಗ್ಗಿ ಅವಳ ಬೂಟು ಮುಟ್ಟಿದ್ದ. ಆಫೀಸಿನವರು ವಿಚಾರಣೆ ಮಾಡಿ ಬಿಟ್ಟಿದ್ದರು. ಅದು ಯೋಚನೆ ಮಾಡಿ ಮಾಡುವ ಕೆಲಸವಲ್ಲ. ಕೆಮ್ಮು ಬಂದ ಹಾಗೆ ಬಂದುಬಿಡುತ್ತದೆ.

ಅಕ್ಟೋಬರಿನಲ್ಲಿ ದಕ್ಷಿಣದಿಂದ ಒಂದು ಚಂಡಮಾರುತದ ಬಾಲ ಬಂದು ಮೇರಿಲ್ಯಾಂಡನ್ನು ದಿನಗಟ್ಟಲೆ ತೊಳೆಯಿತು. ಬೇರೆಯವರ ನೆಲಮಾಳಿಗೆಗೆ ನೀರು ನುಗ್ಗಿದರೆ ವೇಣುವಿನ ಎದೆಗೆ ಆಸೆ ನುಗ್ಗಿತು. ಚಳಿಗಾಲಕ್ಕೆ ಪಾರ್ಕ್ ಮುಚ್ಚುವ ಮುನ್ನ ಆ ತಿಂಗಳದ್ದೇ ಕೊನೆಯ ಶನಿವಾರ. ಮಳೆ ನಿಂತ ಮೇಲೆ ಪಾರ್ಕಿನವರು ಹಾಕಿದ ಹೊಸ ಫೋಟೊಗಳನ್ನು ಪ್ರೋಗ್ರಾಮಿಗೆ ತಿನ್ನಿಸಿದ. ಅದು ಇಡೀ ಇಳಿಜಾರನ್ನು ಬಿಟ್ಟು ಒಂದೇ ಚೌಕವನ್ನು ಕೆಂಪಗೆ ತೋರಿಸಿತು. ಬೇಲಿಯ ಮೂಲೆ. ಎಚ್ ಒನ್.

ವೇಣು ಪರದೆಯನ್ನು ನೋಡುತ್ತಲೇ ಕೂತ. ಎಚ್ ಒನ್ ಎಂಬ ವೀಸಾದಿಂದ ಹೊರಬರಲು ಹದಿನಾರು ವರ್ಷದಿಂದ ಹೆಣಗುತ್ತಿರುವವನಿಗೆ, ಎಚ್ ಒನ್ ಎಂಬ ಚೌಕದ ಒಳಗೇ ಹೋಗು ಎಂದು ಅವನದೇ ಯಂತ್ರ ಹೇಳುತ್ತಿತ್ತು. ದೇವರಿಗೂ ವಾಟ್ಸಾಪ್ ಇದೆ ಎಂದುಕೊಂಡ.

ಶುಕ್ರವಾರ ಸಂಜೆ ಲ್ಯಾನ್‌ಹ್ಯಾಮಿನ ದೇವಸ್ಥಾನದಲ್ಲಿ ಮಗಳ ಹೆಸರಿನಲ್ಲಿ ಅರ್ಚನೆ ಮಾಡಿಸಿದರು. ಪ್ರತಿಭಾ ಕಣ್ಣು ಮುಚ್ಚಿ ನಿಂತವಳು ತೆರೆಯುವಾಗ ಕೆನ್ನೆ ಒದ್ದೆಯಾಗಿತ್ತು. ಅವಳಿಗೆ ತನ್ನದೇ ಕಟ್ಟಪ್ಪಣೆ ಭಾರವಾಗಿತ್ತು ಎಂಬುದು, ಆ ವಾರ ಇಂಡಿಯನ್ ಅಂಗಡಿಯ ಕೊತ್ತಂಬರಿ ಸೊಪ್ಪಿನ ಮುಂದೆ ಫಜಲನ ಹೆಂಡತಿ ಮುನೀಬಾ ಸಿಕ್ಕಿ ಬೆನ್ನ ಮೇಲೆ ಕೈ ಇಟ್ಟಾಗ ಎಲ್ಲ ಬಾಯಿಬಿಟ್ಟು ಅತ್ತಿದ್ದಳು ಎಂಬುದು ವೇಣುವಿಗೆ ಆಮೇಲೆ ಗೊತ್ತಾಗಬೇಕಾದ ವಿಷಯ.

ಶನಿವಾರ ಬೆಳಗ್ಗೆ ಯಾಮಿನಿ ಡ್ರೈವ್ ಮಾಡಿದಳು. ಅಪ್ಪನ ಮೊಣಕಾಲು ಪೆಡಲ್ ಒತ್ತುವ ಸ್ಥಿತಿಯಲ್ಲಿರಲಿಲ್ಲ. ದಾರಿಯಲ್ಲಿ ವೇಣು ತನ್ನ ಉಪಾಯ ವಿವರಿಸಿದ. ಒಳಗೆ ಹೋದ ಕೂಡಲೇ ಎಚ್ ಒನ್‌ಗೆ ಹೋದರೆ ಫಜಲನಿಗೆ ಗೊತ್ತಾಗುತ್ತದೆ. ಆದ್ದರಿಂದ ಎದುರು ಮೂಲೆಯ ಎ ಸಾಲಿನಿಂದ ಶುರುಮಾಡಿ, ಎಚ್ ಒನ್ ಕಡೆ ತಿರುಗಿಯೂ ನೋಡದೆ, ದನ ಮೇಯುವ ಹಾಗೆ ನಿಧಾನವಾಗಿ ಅಲ್ಲಿಗೆ ಸರಿಯುವುದು. ಅಷ್ಟು ಹೊತ್ತು ಅಂಕಲ್‌ನನ್ನು ಮಾತಿಗೆ ಹಿಡಿದಿಡುವುದು ಯಾಮಿನಿಯ ಕೆಲಸ.

"ಅಂಕಲ್ ಜೊತೆ ಯಾಕೆ ಫೈಟ್, ಅಪ್ಪಾ? ಇಟ್ಸ್ ಸೋ ಸಿಲ್ಲಿ."

ಕಿಟಕಿಯ ಹೊರಗೆ ಎಲೆಗಳು ಕೆಂಪಾಗಿದ್ದವು, ಉದುರುವ ತಯಾರಿಯಲ್ಲಿ.

ಗೇಟಿನಲ್ಲಿ ಡಾಕ್ಟರ್ ಕಾರ್ಲಾ ನಿಯಮ ಹೇಳಿದಳು. ಜಾಗ ಕಳೆದುಕೊಂಡ ಮೂಳೆ ಅರ್ಧ ಮೂಳೆ ಎಂದಳು. ಅದು ಎಲ್ಲಿ, ಯಾವ ಪದರದಲ್ಲಿ, ಯಾವ ಕಡೆ ಮುಖ ಮಾಡಿ ಬಿದ್ದಿತ್ತು ಎಂಬುದೇ ಅದರ ಕಥೆ. ಕದಲಿಸಿದರೆ ಕಥೆ ಮುಗಿಯಿತು. ಎಲ್ಲರಿಂದಲೂ ಶಾಲೆಯ ಮಕ್ಕಳ ಹಾಗೆ ಹೇಳಿಸಿದಳು: ಮುಟ್ಟುವುದಿಲ್ಲ, ಕದಲಿಸುವುದಿಲ್ಲ, ಕೈ ಎತ್ತುತ್ತೇವೆ. ವೇಣು ಎಲ್ಲರಿಗಿಂತ ಜೋರಾಗಿ ಹೇಳಿದ. ಬುಟ್ಟಿಗೆ ಫೋನ್ ಹಾಕಿದ. ಎ ಸಾಲಿಗೆ ಹೋಗಿ ಬಗ್ಗಿದ.

ಫಜಲ್ ಆ ದಿನ ಮಾಮೂಲಿನಂತಿರಲಿಲ್ಲ. ತಮಾಷೆಯಿಲ್ಲ, ಕಿರಿದ ಹಲ್ಲಿಲ್ಲ. ಯಾಮಿನಿಯನ್ನು ಓದಿನ ಬಗ್ಗೆ ಎರಡು ಮಾತು ಕೇಳಿ, ಅವಳ ತಲೆಯ ಮೇಲೆ ಕೈ ಇಟ್ಟು, ಅವಳು ತಡೆಯುವ ಮೊದಲೇ ನೇರವಾಗಿ ನಡೆದ. ಹತ್ತು ವರ್ಷ ಒಂದೇ ಕಾರಿನಲ್ಲಿ ಕೂತವನಿಗೆ, ವೇಣು ಯಾವ ಕಡೆ ನೋಡುತ್ತಿಲ್ಲವೋ ಅಲ್ಲೇ ವಿಷಯವಿದೆ ಎಂದು ತಿಳಿಯಲು ಕಂಪ್ಯೂಟರ್ ಬೇಕಿರಲಿಲ್ಲ. ಎಚ್ ಒನ್ ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತ.

ವೇಣು ಸಿ ಸಾಲಿನಿಂದ ಇದನ್ನು ಕಂಡ. ಫಜಲ್ ಮುಂದಕ್ಕೆ ಬಾಗಿದ. ಮತ್ತೂ ಬಾಗಿದ. ಅವನ ಬೆನ್ನು ಗಟ್ಟಿಯಾದ ರೀತಿಯಲ್ಲೇ ವೇಣುವಿಗೆ ಗೊತ್ತಾಯಿತು, ಸಿಕ್ಕಿತು ಎಂದು. ಇನ್ನೇನು ಕೈ ಮೇಲೇಳುತ್ತದೆ. ಇನ್ನೇನು ಬಾವುಟ. ಗಾಜಿನ ಪೆಟ್ಟಿಗೆಯಲ್ಲಿ ಮೂರನೇ ಸಲ ಫಜಲ್, ಡಿಸೆಂಬರಿನಲ್ಲಿ ಯಾಮಿನಿ ಏರ್‌ಪೋರ್ಟಿನ ಸಾಲಿನಲ್ಲಿ.

ಆದರೆ ಕೈ ಏಳಲಿಲ್ಲ. ಫಜಲ್ ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಕರೆದ.

"ವೇಣು, ಇಲ್ಲಿ ಬಾ. ಏನೋ ಇದೆ."

ಅದೇ ಮಾತು, ಅದೇ ಗಾಂಭೀರ್ಯ. ವೇಣುವಿನ ಕಿವಿಯಲ್ಲಿ ಜುಲೈ ತಿಂಗಳ ನಗೆಯೆಲ್ಲ ಮತ್ತೆ ಕೇಳಿಸಿತು. ಈ ಕೊನೆಯ ದಿನವೂ, ಈ ಮೂಲೆಯಲ್ಲೂ ಪ್ಲಾಸ್ಟಿಕ್ಕು. ಮೊಣಕಾಲಿನ ನೋವು ಮರೆತು, ಹಗ್ಗಗಳನ್ನು ದಾಟಿಕೊಂಡು ನಡೆದ.

"ನಿಧಾನ ಕಣೋ. ಅಲ್ಲೇ ನಿಲ್ಲು. ಕಾಲ ಮುಂದೆ ನೋಡು, ನೋಡಿ ಕೈ ಎತ್ತು. ನೀನೇ ಎತ್ತು."

"ಎತ್ತಿ ಇನ್ನೊಂದ್ಸಲ ಮಂಗ ಆಗ್ಲಾ? ಸಾಕು ಫಜಲ್. ಇವತ್ತು ನಿನ್ನ ಆಟಿಕೆ ಪುಡಿ ಮಾಡ್ತೀನಿ."

"ವೇಣು, ಬೇಡ..."

ವೇಣು ಕಾಲಿಟ್ಟ. ಬೂಟಿನ ಅಡಿಗೆ ಸಿಕ್ಕದ್ದು ಪ್ಲಾಸ್ಟಿಕ್ ಅಲ್ಲ. ಪ್ಲಾಸ್ಟಿಕ್ ಬಗ್ಗುತ್ತದೆ, ಇದು ಬಗ್ಗಲಿಲ್ಲ. ಕಾಲು ಜಾರಿ, ಏನೋ ಗಟ್ಟಿಯಾದದ್ದು ಮಣ್ಣಿನಿಂದ ಮೇಲೆ ಚಿಮ್ಮಿತು. ಕಪ್ಪಗೆ, ನುಣ್ಣಗೆ, ಬೆರಳುದ್ದಕ್ಕೆ ಬಾಗಿ, ತುದಿಯಲ್ಲಿ ಚೂಪಾಗಿ. ಒಂದು ಉಗುರು. ಮಾಂಸ ಹರಿಯುವ ಪ್ರಾಣಿಯ, ಒಂದೂ ಬಿರುಕಿಲ್ಲದ ಉಗುರಿನ ಮೂಳೆ.

ತಾನು ತುಳಿದೆ ಎಂಬುದು ವೇಣುವಿನ ತಲೆಗೆ ಹೊಳೆಯುವ ಮುನ್ನವೇ ಅವನ ಬೆನ್ನು ಬಾಗಿತ್ತು. ಕೈ ಹೋಗಿತ್ತು. ಹತ್ತು ಕೋಟಿ ವರ್ಷದಿಂದ ಕದಲದೆ ಮಲಗಿದ್ದದ್ದನ್ನು ಎರಡೂ ಕೈಯಲ್ಲಿ ಎತ್ತಿ, ಎಡಗಣ್ಣಿಗೆ ಒತ್ತಿ, ಬಲಗಣ್ಣಿಗೆ ಒತ್ತಿ, ಹಣೆಗೆ ಮುಟ್ಟಿಸಿಕೊಂಡ.

ಕಣ್ಣು ತೆರೆದಾಗ ಎದುರಿಗೆ ಡಾಕ್ಟರ್ ಕಾರ್ಲಾ, ಕೈಯಲ್ಲಿ ಪುಟ್ಟ ಬಾವುಟ. ಇಬ್ಬರ ದನಿ ಏರಿದ್ದು ಕೇಳಿ ಜಗಳ ಬಿಡಿಸಲು ಬಂದಿದ್ದಳು. ಅವಳ ಕಣ್ಣು ಮೊದಲು ಉಗುರನ್ನು ಕಂಡು ಹೊಳೆಯಿತು. ಆಮೇಲೆ ಅದು ಇದ್ದ ಜಾಗವನ್ನು ಕಂಡಿತು. ಆ ಹೊಳಪು ಆರಿದ್ದನ್ನು ವೇಣು ನೋಡಿದ.

ಅವನು ಮಂಡಿಯೂರಿ ಅದನ್ನು ಮತ್ತೆ ಮಣ್ಣಿನಲ್ಲಿಡಲು ನೋಡಿದ. ಗುಳಿ ಅಲ್ಲೇ ಇತ್ತು, ಬೂಟಿನ ಗುರುತಿನಲ್ಲಿ ಅರ್ಧ ಮುಚ್ಚಿ. ಹೀಗಿತ್ತು, ಇಲ್ಲ ಹೀಗಿತ್ತು ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳುತ್ತ, ಉಗುರನ್ನು ಆ ಕಡೆ ಈ ಕಡೆ ತಿರುಗಿಸಿದ. ತುದಿ ಯಾವ ಕಡೆ, ಬುಡ ಯಾವ ಕಡೆ ಅವನಿಗೆ ತಿಳಿಯಲಿಲ್ಲ. ತಲೆಯನ್ನು ಬಾಲಕ್ಕೆ ಜೋಡಿಸಿದ ಆ ವಿದ್ವಾಂಸನೂ ಹೀಗೇ ಮಂಡಿಯೂರಿದ್ದನೋ ಏನೋ.

ಫಜಲ್ ಮುಂದೆ ಬಂದು, ತಾನು ಕಣ್ಣಾರೆ ನೋಡಿದ್ದೇನೆ, ಅದು ಇಲ್ಲೇ, ಚೂಪು ತುದಿ ಬೇಲಿಯ ಕಡೆ ಮಾಡಿ ಬಿದ್ದಿತ್ತು ಎಂದ. ಎಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ, ತನ್ನ ಹಲ್ಲು, ಆಮೆ ಎರಡರಿಂದಲೂ ತನ್ನ ಹೆಸರು ತೆಗೆದು ಇದಕ್ಕೆ ಇವನ ಹೆಸರು ಹಾಕಿ ಎಂದ. ಇವನ ಕಾಲು ತಾಗಿತು, ನಮ್ಮ ಕಡೆ ಕಾಲು ತಾಗಿದರೆ ಹಾಗೆ ಕ್ಷಮೆ ಕೇಳುತ್ತೇವೆ, ಇವನು ಬೇಕೆಂದು ಮಾಡಲಿಲ್ಲ ಎಂದು ವಿವರಿಸಿದ. ಡಾಕ್ಟರ್ ಕಾರ್ಲಾ ಪೂರ್ತಿ ಕೇಳಿಸಿಕೊಂಡಳು. ಒಂದು ಉಗುರಿನ ಕ್ಷಮೆ ಕೇಳಿದವರನ್ನು ತಾನು ಈವರೆಗೆ ಕಂಡಿರಲಿಲ್ಲ, ಇದು ಬಹಳ ದೊಡ್ಡ ಮಾತು ಎಂದಳು. ಅವಳ ದನಿ ನಿಜಕ್ಕೂ ಒದ್ದೆಯಾಗಿತ್ತು.

ಆದರೆ ಸಿಬ್ಬಂದಿ ಕಾಣುವ ಮೊದಲೇ ಜಾಗ ಬಿಟ್ಟ ಮೂಳೆಗೆ ಜಾಗವೂ ಇಲ್ಲ, ಕಂಡುಹಿಡಿದವರೂ ಇಲ್ಲ ಎಂದಳು. ಪ್ರೋಗ್ರಾಂ ಸರಿಯಾಗಿ ತೋರಿಸಿತ್ತು ಎಂಬುದಕ್ಕೂ ಅಲ್ಲಿ ಬಾವುಟ ಇರಲೇಬೇಕಿತ್ತು. ವೇಣು ಕೇಳಿದ್ದ ಪತ್ರಕ್ಕೆ ತಾನು ಸಹಿ ಮಾಡುವ ಹಾಗಿಲ್ಲ, ದಯವಿಟ್ಟು ತನ್ನನ್ನು ಕ್ಷಮಿಸಬೇಕು.

ಯಾಮಿನಿ ಅಷ್ಟರಲ್ಲಿ ಓಡಿ ಬಂದಿದ್ದಳು. ಅಪ್ಪನ ತೋಳು ಹಿಡಿದು ಎಬ್ಬಿಸಿದಳು. ವೇಣು ಎದ್ದು, ಮೊದಲ ಸಲ ಫಜಲನ ಮುಖವನ್ನು ಸರಿಯಾಗಿ ನೋಡಿದ.

"ನೀನು ಮೊದ್ಲು ನೋಡಿದ್ದು. ಯಾಕೆ ಕೈ ಎತ್ತಲಿಲ್ಲ?"

"ಮುನೀಬಾ ಹೇಳಿದ್ಲು, ಯಾಮಿನಿ ವಿಷಯ." ಫಜಲ್ ಮಣ್ಣು ನೋಡುತ್ತ ಹೇಳಿದ. "ನಂಗೆ ಹೇಳೋಕೆ ಏನಾಗಿತ್ತು ಕಣೋ ನಿಂಗೆ? ಮಾರ್ಚ್‌ನಲ್ಲೇ ಹೇಳಿದ್ರೆ ನಾನು ಆ ಮೊಟ್ಟೆ ಮೇಲೂ ಕೂತು ಮರಿ ಮಾಡಿಸ್ತಿದ್ದೆ."

ಯಾರೂ ನಗಲಿಲ್ಲ. ಫಜಲ್ ಮಾಡಿದ ತಮಾಷೆಗಳಲ್ಲಿ ಯಾರೂ ನಗದಿದ್ದದ್ದು ಅದೊಂದೇ.

ಫೋನುಗಳನ್ನು ತೆಗೆದುಕೊಳ್ಳಲು ಗೇಟಿನ ಕೋಣೆಗೆ ಬಂದಾಗ, ಡಾಕ್ಟರ್ ಕಾರ್ಲಾ ಅವರಿಗಿಂತ ಮುಂಚೆ ಅಲ್ಲಿ ತಲುಪಿದ್ದಳು. ಪಾರ್ಕಿನಲ್ಲಿ ಇದುವರೆಗೆ ಸಿಕ್ಕವುಗಳಲ್ಲೇ ಅಂದವಾದ ಆ ಉಗುರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಒರೆಸುತ್ತಿದ್ದಳು. ಗಾಜಿನ ಪೆಟ್ಟಿಗೆಯಲ್ಲಿ ಫಜಲನ ಹಲ್ಲೂ ಆಮೆಯೂ ತಮ್ಮ ತಮ್ಮ ಚೀಟಿಯ ಮೇಲೆ ಕೂತಿದ್ದವು. ಅದರ ಬೀಗಕ್ಕೆ ಅವಳು ಕೈ ಹಾಕಲಿಲ್ಲ. ಬಾಗಿಲ ಪಕ್ಕದಲ್ಲಿ, ಶಾಲೆಯ ಮಕ್ಕಳು ಬಂದಾಗ ಆಡಲು ಇಟ್ಟ, ಹೆಸರಿಲ್ಲದ, ಊರಿಲ್ಲದ ಚೂರುಗಳ ಒಂದು ಮರದ ತಟ್ಟೆಯಿತ್ತು. ವೇಣುವಿನ ಮಾರ್ಚ್ ತಿಂಗಳ ಮೊಟ್ಟೆಯೂ ಅದರಲ್ಲೇ ಇತ್ತು. ಉಗುರನ್ನು ಅದರ ಪಕ್ಕಕ್ಕೆ ಇಟ್ಟಳು.

ತಟ್ಟೆಯ ಮೇಲೆ ದೊಡ್ಡ ಬಣ್ಣದ ಅಕ್ಷರಗಳಲ್ಲಿ ಬರೆದಿತ್ತು: ದಯವಿಟ್ಟು ಮುಟ್ಟಿ.